ಚಾರಣಕ್ಕೆ ಹೊರಟವರ ಹೆಗಲ ಚೀಲ

ಮಳೆಗಾಲ ಕಳೆದು ಕಾರ್ತಿಕ ಮಾಸ ಕಾಲಿಟ್ಟೊಡನೆ ಮಲೆನಾಡಿನ ಬೆಟ್ಟಗಳತ್ತ ಜನರು ಹೊರಡುತ್ತಾರೆ. ಕೊಡಚಾದ್ರಿ, ಮುಳ್ಳಯ್ಯನಗಿರಿ, ಕುಮಾರ ಪರ್ವತ, ತಡಿಯಂಡಮೋಳ್ ಮುಂತಾದ ಕಡೆ ಹಿಂದೆ ದನಗಾಹಿಗಳೂ ಯಾತ್ರಿಕರೂ ತುಳಿಯುತ್ತಿದ್ದ ಕಾಲುಹಾದಿಗಳಲ್ಲಿ ಈಗ ರಜಾದಿನಗಳಂದು ಸಾಲುಗಟ್ಟಿ ನಡೆಯಬೇಕಾದ ಸ್ಥಿತಿಯಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿ ಮಿತಿಮೀರಿದ ಮೇಲೆ ಅರಣ್ಯ ಇಲಾಖೆಯು ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ಒಂದು ಹಾದಿಗೆ ದಿನವೊಂದಕ್ಕೆ 300 ಜನರೆಂದು ಮಿತಿ ವಿಧಿಸಿತು. ನಮ್ಮ ಭಕ್ತ ಕುಟುಂಬಗಳ ತರುಣ ತರುಣಿಯರೂ ಇತ್ತೀಚೆಗೆ ತಂಡ ಕಟ್ಟಿಕೊಂಡು ಹೋಗಿಬರುತ್ತಿದ್ದಾರೆ. ಐವತ್ತು ದಾಟಿದ ತಂದೆತಾಯಿಯರೂ ಅವರ ಜೊತೆಗೂಡುವುದುಂಟು. ಸಂತೋಷದ ಸಂಗತಿಯೇ. ಬೆಟ್ಟ ಹತ್ತುವುದಕ್ಕಿಂತ ಒಳ್ಳೆಯ ವ್ಯಾಯಾಮ ವಿರಳ.

ಆದರೆ ಅವರ ಹೆಗಲ ಚೀಲಗಳನ್ನು ಬಿಚ್ಚಿಸಿ ನೋಡಿದರೆ ವೈದ್ಯನಾದವನಿಗೆ ಚಿಂತೆಯಾಗುತ್ತದೆ. ಕುರುಕಲು ತಿಂಡಿಯ ಪೊಟ್ಟಣಗಳು, ಹಾಡು ಕೇಳುವ ಪೆಟ್ಟಿಗೆ, ಚಿತ್ರ ತೆಗೆಯುವ ಕೋಲು, ಇವೆಲ್ಲದರ ನಡುವೆ ಅರ್ಧ ಲೀಟರಿನ ಒಂದು ನೀರಿನ ಬಾಟಲಿ. ಇದು ಹತ್ತುವವರ ಚೀಲವೇ ಹೊರತು ಇಳಿದು ಬರುವವರ ಚೀಲವಲ್ಲ. ಕಾಲು ಉಳುಕುವುದು, ಕತ್ತಲಾಗುವುದು, ನೀರು ಮುಗಿಯುವುದು, ದಾರಿ ತಪ್ಪುವುದು ಇವು ಹೆಚ್ಚಾಗಿ ಇಳಿಯುವ ಹೊತ್ತಿನ ಸಂಕಟಗಳು. ಶಿಖರ ಮುಟ್ಟಿದ ಉತ್ಸಾಹದಲ್ಲಿ ಮನಸ್ಸು ಸಡಿಲವಾಗಿರುತ್ತದೆ, ತೊಡೆಯ ಸ್ನಾಯುಗಳು ದಣಿದಿರುತ್ತವೆ, ಹೊತ್ತು ಇಳಿಯುತ್ತಿರುತ್ತದೆ.

ವ್ಯಾಯಾಮವನ್ನು ಬಲಾರ್ಧದಷ್ಟು, ಅಂದರೆ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧ ಬಲ ವೆಚ್ಚವಾಯಿತೆಂದು ತಿಳಿಯಬೇಕು. ಈ ಮಾತು ಗರಡಿಮನೆಗಿಂತಲೂ ಬೆಟ್ಟಕ್ಕೆ ಹೆಚ್ಚು ಒಪ್ಪುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತಕ್ಕೆ ಹೋಗುವವರು ಸುಮಾರು 12–13 ಕಿಲೋಮೀಟರ್ ಹಾದಿಯಲ್ಲಿ 1,500 ಮೀಟರಿಗೂ ಮಿಕ್ಕಿ ಏರಬೇಕು. ಶಿಖರದ ಎತ್ತರ 1,712 ಮೀಟರ್. ಏರಿದ್ದನ್ನೆಲ್ಲ ಮತ್ತೆ ಮಂಡಿಯ ಮೇಲೆಯೇ ಇಳಿಸಬೇಕು. ಶಿಖರಕ್ಕೆ ಮುನ್ನವೇ ಅರ್ಧ ಬಲ ಮುಗಿದಿದ್ದರೆ ಅಲ್ಲಿಂದಲೇ ಹಿಂದಿರುಗುವವನು ಜಾಣ.

ಇನ್ನು ಚೀಲದ ವಿಚಾರ. ಒಂದು ದಿನದ ಚಾರಣಕ್ಕೆ ಚೀಲದ ತೂಕವು ದೇಹತೂಕದ ಹತ್ತನೆಯ ಒಂದು ಭಾಗವನ್ನು ಹೆಚ್ಚು ಮೀರದಿದ್ದರೆ ಒಳ್ಳೆಯದು. ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ನೀರೇ ಕೇಳುತ್ತದೆ, ಕೇಳಲಿ. ತಲೆಗೆ ಮೂರು ಲೀಟರ್ ನೀರು ಬೇಕು. ಕುಮಾರ ಪರ್ವತದ ಹಾದಿಯಲ್ಲಿ ಗಿರಿಗದ್ದೆ ದಾಟಿದ ಮೇಲೆ ಬಹುತೇಕ ಬಯಲು ಹುಲ್ಲುಗಾವಲು. ಮರದ ನೆರಳು ಕಡಿಮೆ, ತೊರೆಯ ನೀರನ್ನು ಎಲ್ಲ ಕಾಲದಲ್ಲಿಯೂ ನೆಚ್ಚಿಕೊಳ್ಳುವಂತಿಲ್ಲ. ತಡೆಯಬಾರದ ಹದಿಮೂರು ವೇಗಗಳಲ್ಲಿ ಚರಕಾಚಾರ್ಯರು ಬಾಯಾರಿಕೆಯನ್ನೂ ಶ್ರಮದಿಂದ ಉಂಟಾದ ಏದುಸಿರನ್ನೂ ಎಣಿಸಿದ್ದಾರೆ. ನೀರು ಉಳಿಸಬೇಕೆಂದು ಬಾಯಾರಿಕೆ ತಡೆದುಕೊಂಡು ನಡೆಯುವುದೂ, ಜೊತೆಯವರು ನಕ್ಕಾರೆಂದು ಏದುಸಿರು ಬಿಡುತ್ತಲೇ ಓಡುವುದೂ ಎರಡೂ ತಪ್ಪು.

ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಲವಣಾಂಶ ತಗ್ಗಿ ತಲೆನೋವು, ವಾಂತಿ, ಮಂಕು ಕವಿಯುವುದು ಕಾಣಿಸಬಹುದು. ಆದುದರಿಂದ ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣಗಳು ಎರಡು ಮೂರು ಇರಲಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆಯಲ್ಲಿ ಉದಾರತೆ ಬೇಡ, ಉಪ್ಪು ಹೆಚ್ಚಾದರೆ ಅಪಾಯವೇ. ಆಹಾರಕ್ಕೆ ಅರಳಿನ ಹಿಟ್ಟು, ಒಣದ್ರಾಕ್ಷಿ, ಶೇಂಗಾ ಚಿಕ್ಕಿ, ಬೆಲ್ಲ ಸಾಕು. ಅರಳಿನ ಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿಯುವ ತರ್ಪಣವನ್ನು ನಮ್ಮ ಶಾಸ್ತ್ರವು ದಣಿದವರಿಗಾಗಿಯೇ ಹೇಳಿದೆ. ಹೊಟ್ಟೆಗೆ ಭಾರವಾಗದೆ ಬಲ ಕೊಡುವ ಇಂಥ ಆಹಾರ ಬೇರೊಂದನ್ನು ನಾನು ಕಾಣೆ.

ಬೆಳಕು, ಬಟ್ಟೆ, ಕಾಲು

ಮಾರ್ಗಶಿರ, ಪುಷ್ಯಗಳಲ್ಲಿ ನಮ್ಮ ಸೀಮೆಯಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ. ಕಾಡಿನೊಳಗೆ ಅದಕ್ಕಿಂತ ಅರ್ಧ ಗಂಟೆ ಮೊದಲೇ ನೆಲ ಕಾಣದಾಗುತ್ತದೆ. ಒಮ್ಮೆ ನನ್ನ ಚಿಕಿತ್ಸಾಲಯಕ್ಕೆ ನಾಲ್ವರು ವಿದ್ಯಾರ್ಥಿಗಳು ಬಂದರು. ಒಬ್ಬನ ಕಾಲು ಕುಂಬಳಕಾಯಿಯಂತೆ ಊದಿತ್ತು. ಶಿಖರದಲ್ಲಿ ಚಿತ್ರ ತೆಗೆದು ತೆಗೆದು ಮೊಬೈಲುಗಳ ಶಕ್ತಿ ಕುಂದಿ, ಇಳಿಯುವಾಗ ನಾಲ್ವರಿಗೆ ಸೇರಿ ಒಂದೇ ಮೊಬೈಲಿನ ಬೆಳಕು ಉಳಿದಿತ್ತಂತೆ. ಅದೂ ಅರ್ಧ ದಾರಿಯಲ್ಲಿ ಆರಿತು. ಬೇರಿಗೆ ಎಡವಿ ಬಿದ್ದವನನ್ನು ಉಳಿದವರು ರಾತ್ರಿಯೆಲ್ಲ ಬಂಡೆಯೊಂದರ ಮಗ್ಗುಲಲ್ಲಿ ಕೂರಿಸಿಕೊಂಡಿದ್ದು, ಬೆಳಗಿನ ಜಾವ ಹೊತ್ತು ತಂದಿದ್ದರು. ತಲೆಗೆ ಕಟ್ಟಿಕೊಳ್ಳುವ ಒಂದು ಪುಟ್ಟ ಟಾರ್ಚು ಪ್ರತಿಯೊಬ್ಬರಲ್ಲಿಯೂ ಇದ್ದಿದ್ದರೆ ಆ ರಾತ್ರಿ ತಪ್ಪುತ್ತಿತ್ತು. ಎರಡೂ ಕೈಗಳು ಬಿಡುವಾಗಿರುವುದು ಅದರ ದೊಡ್ಡ ಗುಣ. ಬದಲಿ ಸೆಲ್ಲುಗಳೂ ಜೊತೆಯಲ್ಲಿರಲಿ. ಮೊಬೈಲು ಮಾತನಾಡುವುದಕ್ಕಷ್ಟೇ. ಸಂಕೇತವಿಲ್ಲದ ಕಡೆ ಅದನ್ನು ವಿಮಾನದ ಸ್ಥಿತಿಯಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದೆ.

ಹತ್ತು ರೂಪಾಯಿಯ ಆಟಿಕೆಯೆಂದು ಜನ ಕಡೆಗಣಿಸುವ ಸೀಟಿ ಕೊರಳಲ್ಲಿ ತೂಗುತ್ತಿರಲಿ. ಕೂಗಿ ಕೂಗಿ ಗಂಟಲು ಒಡೆಯುತ್ತದೆ, ಸೀಟಿಗೆ ಆಯಾಸವಿಲ್ಲ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದುವುದು ಪರ್ವತಾರೋಹಿಗಳ ಅಪಾಯ ಸಂಕೇತ.

ಬಟ್ಟೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ವಿಚಿತ್ರವೆನಿಸಬಹುದು. ಊರಿನಲ್ಲಿ ಹತ್ತಿಗೆ ಸಮನಾದ ಉಡುಪಿಲ್ಲ ಎಂದು ಸದಾ ಹೇಳುವವನು ನಾನು. ಆದರೆ ಬೆಟ್ಟದ ಮೇಲೆ ಒದ್ದೆಯಾದ ಹತ್ತಿಬಟ್ಟೆ ಶತ್ರು. ಅದು ಬೇಗ ಒಣಗದು, ಗಾಳಿ ಬೀಸಿದಂತೆಲ್ಲ ಮೈಯ ಶಾಖವನ್ನು ಹೀರುತ್ತದೆ. ಎತ್ತರವು 1,000 ಮೀಟರ್ ಏರಿದರೆ ಉಷ್ಣಾಂಶವು ಸುಮಾರು ಆರು ಡಿಗ್ರಿ ಇಳಿಯುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಗಾಳಿಗೆ ಬೆವರಿದ ಮೈಯೊಡ್ಡಿ ನಿಂತವರಿಗೆ ಇದರ ಅನುಭವವಿದ್ದೀತು. ನಡುಕ ಹತ್ತಿ, ಮಾತು ತೊದಲಿ, ಹೆಜ್ಜೆ ತಡವರಿಸತೊಡಗಿದರೆ ಅದು ಬರಿಯ ಚಳಿಯಲ್ಲ, ದೇಹದ ಒಳಶಾಖವೇ ಕುಸಿಯುತ್ತಿರುವ ಲಕ್ಷಣ. ಮಂಜು ಬೀಳುವ ಹಿಮಾಲಯವೇ ಆಗಬೇಕೆಂದಿಲ್ಲ, ಮಳೆ ಗಾಳಿಗಳೆರಡೂ ಸೇರಿದರೆ ಸಹ್ಯಾದ್ರಿಯಲ್ಲಿಯೂ ಇದು ಸಂಭವಿಸುತ್ತದೆ. ಬೇಗ ಒಣಗುವ ಅಂಗಿ, ಒಂದು ಉಣ್ಣೆಯ ಮೇಲಂಗಿ, ಮಳೆಯಂಗಿ, ಒಂದು ಜೊತೆ ಒಣ ಕಾಲುಚೀಲ, ಇವನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಕು. ಆ ಚೀಲವನ್ನೂ ನಿಮ್ಮ ಕಸವನ್ನೂ ತಪ್ಪದೆ ಕೆಳಗೆ ತನ್ನಿ.

ಪಾದರಕ್ಷೆ, ಛತ್ರಿ, ದಂಡ ಈ ಮೂರನ್ನೂ ಚರಕಸಂಹಿತೆಯು ದಿನಚರಿಯ ಭಾಗವಾಗಿಯೇ ಹೊಗಳಿದೆ. ದಂಡವು ಎಡವಿ ಬೀಳದಂತೆ ತಡೆಯುತ್ತದೆ, ಭಯವನ್ನು ಕಳೆಯುತ್ತದೆ ಎಂಬುದು ಅಲ್ಲಿನ ಅಭಿಪ್ರಾಯ. ಇಳಿಯುವಾಗ ಮಂಡಿಗೆ ಬೀಳುವ ಭಾರವನ್ನು ಊರುಗೋಲು ಹಂಚಿಕೊಳ್ಳುತ್ತದೆ. ನಲವತ್ತೈದು ದಾಟಿದವರು ನಾಚದೆ ಹಿಡಿಯಲಿ. ಹೊಸ ಬೂಟು ಕೊಂಡು ಮರುದಿನವೇ ಬೆಟ್ಟಕ್ಕೆ ಹೋಗಬಾರದು, ಹದಿನೈದು ದಿನ ಊರಲ್ಲಿ ನಡೆದು ಪಳಗಿಸಬೇಕು. ಕಾಲ್ಬೆರಳ ಉಗುರುಗಳನ್ನು ಕತ್ತರಿಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೂಟಿನ ತುದಿಗೆ ಬಡಿದು ಬಡಿದು ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ.

ಔಷಧದ ಪುಟ್ಟ ಗಂಟು

ಎಳೆದರೆ ಹಿಗ್ಗುವ ಅಗಲವಾದ ಬ್ಯಾಂಡೇಜು ಸುರುಳಿ, ಶುದ್ಧ ಗಾಜು ಬಟ್ಟೆ, ಅಂಟುಪಟ್ಟಿ, ನಂಜುನಿವಾರಕ ದ್ರಾವಣ, ಕತ್ತರಿ, ಪಿನ್ನುಗಳು, ಒಂದು ಪಂಚೆ. ಪಂಚೆಯೊಂದಿದ್ದರೆ ಮುರಿದ ಕೈಗೆ ಜೋಲಿಯಾಗುತ್ತದೆ, ಹರಿದು ಪಟ್ಟಿಯಾಗುತ್ತದೆ, ಹೊದೆಯಲೂ ಬರುತ್ತದೆ.

ಉಳುಕಿದ ಕಾಲಿಗೆ ಅಲ್ಲಿಯೇ ಬಿಸಿ ಎಣ್ಣೆ ಹಾಕಿ ನೀವುವ ಪರಿಪಾಠ ನಮ್ಮವರಲ್ಲಿ ಬಲವಾಗಿದೆ. ನೋವಿನ ತೈಲವನ್ನು ನಿತ್ಯವೂ ಬರೆದುಕೊಡುವ ವೈದ್ಯನಾಗಿಯೇ ಹೇಳುತ್ತೇನೆ, ಮೊದಲ ಎರಡು ದಿನ ತೈಲವೂ ಬೇಡ, ನೀವುವುದೂ ಬೇಡ. ಒಳಗೆ ಹರಿದ ರಕ್ತನಾಳಗಳಿಂದ ಊತ ಇನ್ನಷ್ಟು ಹೆಚ್ಚುತ್ತದೆ. ತಣ್ಣೀರು ಪಟ್ಟಿ, ಬ್ಯಾಂಡೇಜು, ಕಾಲನ್ನು ಎತ್ತರಿಸಿಡುವುದು ಇಷ್ಟೇ ಚಿಕಿತ್ಸೆ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮೂಳೆ ಮುರಿದಿದೆಯೆಂದೇ ಭಾವಿಸಿ ಹೊತ್ತು ತರಬೇಕು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಹೃದ್ರೋಗ ಇರುವವರು ಮೊದಲು ತಮ್ಮ ವೈದ್ಯರ ಒಪ್ಪಿಗೆ ಪಡೆಯಬೇಕು. ತಮ್ಮ ಮಾತ್ರೆಗಳನ್ನು ಎರಡು ದಿನಕ್ಕಾಗುವಷ್ಟು ಒಯ್ಯಬೇಕು, ಅವು ಎಲ್ಲಿವೆಯೆಂದು ಜೊತೆಯವರಿಗೂ ತಿಳಿದಿರಬೇಕು. ಸಕ್ಕರೆ ಕಾಯಿಲೆಯವರು ಏರುದಾರಿಯಲ್ಲಿ ಬೆವರಿ, ಕೈ ನಡುಗಿ, ಮಾತು ಅಸಂಬದ್ಧವಾದರೆ ಕೂಡಲೇ ಸಕ್ಕರೆಯೋ ಬೆಲ್ಲವೋ ಬಾಯಿಗೆ ಬೀಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಜಿಗಣೆಯ ಬಗ್ಗೆ ಭಯವೇ ಹೆಚ್ಚು, ಅಪಾಯ ಕಡಿಮೆ. ಸುಶ್ರುತಾಚಾರ್ಯರು ಹನ್ನೆರಡು ಬಗೆಯ ಜಿಗಣೆಗಳನ್ನು ಹೆಸರಿಸಿ, ಅವುಗಳಲ್ಲಿ ನಿರ್ವಿಷವಾದ ಆರನ್ನು ರಕ್ತಮೋಕ್ಷಣಕ್ಕೆ ಬಳಸಿದವರು. ಚಿಕಿತ್ಸೆಯಲ್ಲಿ ಜಿಗಣೆ ಬಿಡದಿದ್ದರೆ ಸೈಂಧವ ಲವಣ ಉದುರಿಸಲು ಹೇಳಿದ್ದಾರೆ. ಕಾಡಿನಲ್ಲಿ ಅದಕ್ಕಿಂತ, ಕಚ್ಚಿದ ಬಾಯಿಯ ಪಕ್ಕಕ್ಕೆ ಉಗುರು ಸರಿಸಿ ಮೆಲ್ಲನೆ ಬಿಡಿಸುವುದು ಲೇಸು. ಉಪ್ಪು, ಬೆಂಕಿ ತಾಗಿದ ಜಿಗಣೆ ಹೀರಿದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ತೊಳೆದು ಒತ್ತಿ ಕಟ್ಟಿದರೆ ಸಾಕು. ರಕ್ತ ತಿಳಿಗೊಳಿಸುವ ಮಾತ್ರೆ ಸೇವಿಸುವವರು ಮಾತ್ರ ಜಿಗಣೆಯ ಕಾಲದಲ್ಲಿ ಹೋಗದಿರುವುದು ಮೇಲು.

ಹಾವಿನ ವಿಚಾರ ಹಾಗಲ್ಲ. ಇದನ್ನು ದಯಮಾಡಿ ಗಮನವಿಟ್ಟು ಓದಿರಿ. ಕಚ್ಚಿದ ಜಾಗಕ್ಕಿಂತ ನಾಲ್ಕು ಅಂಗುಲ ಮೇಲೆ ಬಿಗಿಯಾಗಿ ಕಟ್ಟುವ ಅರಿಷ್ಟಾಬಂಧನವನ್ನು ಸುಶ್ರುತಸಂಹಿತೆ ಹೇಳಿದೆ. ಆ ಕಾಲದಲ್ಲಿ ಇನ್ನೊಂದು ದಾರಿಯಿರಲಿಲ್ಲ. ಇಂದು ಇದೆ. ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಕೈಕಾಲುಗಳೇ ಕೊಳೆಯಬಹುದು, ಬಿಚ್ಚಿದ ಕ್ಷಣ ವಿಷ ಒಮ್ಮೆಲೇ ಏರಬಹುದು. ಕುಯ್ಯಬಾರದು, ಬಾಯಿಂದ ಹೀರಬಾರದು, ಬೇರು ಸೊಪ್ಪುಗಳನ್ನು ಅರೆದು ಹಚ್ಚಬಾರದು. ಆಯುರ್ವೇದವನ್ನು ಓದಿ, ಅದನ್ನೇ ಬಾಳಿನ ವೃತ್ತಿಯಾಗಿಸಿಕೊಂಡ ನಾನು ಹೇಳುತ್ತಿದ್ದೇನೆ. ಹಾವಿನ ವಿಷ ಮೈಗೇರಿದವರಿಗೆ ಕೊಡಬೇಕಾದ ಮದ್ದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ನೀಡುವ ಪ್ರತಿವಿಷವೇ. ಅದಕ್ಕೆ ಬದಲಾಗಿ ನಿಲ್ಲುವ ಗುಳಿಗೆಯಾಗಲೀ ಕಷಾಯವಾಗಲೀ ನನ್ನ ಬಳಿ ಇಲ್ಲ. ಉಂಗುರ, ಬಳೆ, ಬೂಟುಗಳನ್ನು ತೆಗೆದು, ಕೋಲು ಮತ್ತು ಪಂಚೆಯ ಪಟ್ಟಿಗಳಿಂದ ಆ ಅಂಗ ಅಲುಗದಂತೆ ಸಡಿಲವಾಗಿ ಕಟ್ಟಿ, ನಡೆಯಗೊಡದೆ ಹೊತ್ತು ಇಳಿಸಬೇಕು. ಹಾವನ್ನು ಹುಡುಕುತ್ತ, ಕೊಲ್ಲುತ್ತ ಹೊತ್ತು ಕಳೆಯಬಾರದು. 108ಕ್ಕೆ ಕರೆ ಮಾಡಿ, ಪ್ರತಿವಿಷ ದಾಸ್ತಾನಿರುವ ಆಸ್ಪತ್ರೆ ಯಾವುದೆಂದು ಕೇಳಿ ಅಲ್ಲಿಗೇ ಹೋಗಬೇಕು. ಹೊರಡುವ ಹಿಂದಿನ ದಿನವೇ ಇದನ್ನು ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಂಥದೇ ಇನ್ನೊಂದು ಚೀಟಿ ಮನೆಯಲ್ಲಿರಲಿ. ಯಾವ ಬೆಟ್ಟ, ಯಾವ ಹಾದಿ, ಯಾರು ಯಾರು, ಎಷ್ಟು ಹೊತ್ತಿಗೆ ಇಳಿಯುವಿರಿ, ಎಷ್ಟು ಹೊತ್ತಿನವರೆಗೆ ಕಾದು ಪೊಲೀಸರಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಬೇಕು. ಅರಣ್ಯ ತಪಾಸಣಾ ಠಾಣೆಯಲ್ಲಿಯೂ ಹೆಸರು ಬರೆಸದೆ ಹೋಗಬಾರದು. ಕಾಡುಗಿಚ್ಚಿನ ಭಯದಿಂದ ಹಾದಿ ಮುಚ್ಚಿರುವ ದಿನಗಳಲ್ಲಿ ಕಳ್ಳದಾರಿ ಹಿಡಿದವರನ್ನು ಹುಡುಕುವವರು ಯಾರು?

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡುಗಳಿಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ವಹಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಚಾರಣದ ಕಾಲದಲ್ಲಿಯೇ ಅದರ ಕಾಟ ಹೆಚ್ಚು. ಮೈತುಂಬ ಬಟ್ಟೆ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಹಚ್ಚಿಕೊಳ್ಳಬೇಕು. ಮಂಗ ಸತ್ತುಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಮನೆಗೆ ಮರಳಿದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಮೈಯನ್ನು ಸೋಪಿನಿಂದ ತೊಳೆದು, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳನ್ನು ಪರೀಕ್ಷಿಸಿಕೊಳ್ಳಿ. ಮುಂದಿನ ಹತ್ತು ಹನ್ನೆರಡು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಆಸ್ಪಿರಿನ್, ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ನೀವಾಗಿಯೇ ನುಂಗದೆ ವೈದ್ಯರಲ್ಲಿಗೆ ಹೋಗಿ, ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆನೆಂದು ಅವರು ಕೇಳುವ ಮೊದಲೇ ಹೇಳಿ.