ಅದಿರಿನ ಲೆಕ್ಕ, ಚುನಾವಣೆಯ ಲೆಕ್ಕ

1999ರ ಲೋಕಸಭಾ ಚುನಾವಣೆ ಹೊತ್ತಿಗೆ ಬಳ್ಳಾರಿಯಿಂದ ಹೊಸಪೇಟೆವರೆಗಿನ ಚಹಾದಂಗಡಿಗಳಲ್ಲಿ ಒಂದೇ ಮಾತು: ವಿದೇಶದಿಂದ ಬಂದ ಸೊಸೆ ಸೋನಿಯಾ ಗಾಂಧಿಯೋ, ಮನೆಮಗಳು ಸುಷ್ಮಾ ಸ್ವರಾಜೋ? ಸುಷ್ಮಾ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಸೋನಿಯಾ 56,100 ಮತಗಳಿಂದ ಗೆದ್ದರು. ಅಷ್ಟೆಲ್ಲ ಪ್ರಚಾರದ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗವಿರಲಿಲ್ಲ.

ಇದಕ್ಕೆ ಮತದಾರರನ್ನಷ್ಟೇ ದೂರಿ ಫಲವಿಲ್ಲ. 2005ರಲ್ಲಿ ಮನೋವಿಜ್ಞಾನಿ ಅಲೆಕ್ಸಾಂಡರ್ ತೊದೊರೊವ್ ಮತ್ತು ಸಂಗಡಿಗರು, ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಫೋಟೊಗಳನ್ನು ಅವರ ಪರಿಚಯವೇ ಇಲ್ಲದವರಿಗೆ ತೋರಿಸಿ, ಯಾರು ಸಮರ್ಥರಂತೆ ಕಾಣುತ್ತಾರೆ ಎಂದು ಕೇಳಿದರು. ಸುಮಾರು ಶೇಕಡಾ 70ರಷ್ಟು ಕ್ಷೇತ್ರಗಳಲ್ಲಿ ಹಾಗೆ ಕಂಡವರೇ ಗೆದ್ದಿದ್ದರು. ಫೋಟೊ ಒಂದೇ ಸೆಕೆಂಡು ತೋರಿಸಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಮಜವಾಗಿದೆ. ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಫೋಟೊ ಕೊಟ್ಟು, ನಿಮ್ಮ ಹಡಗಿಗೆ ಕ್ಯಾಪ್ಟನ್ ಯಾರಾಗಬೇಕು ಎಂದರೆ, ಅವರೂ ಹೆಚ್ಚಾಗಿ ಗೆದ್ದವರನ್ನೇ ಆರಿಸಿದರು. ಮುಖ ಓದುವುದಕ್ಕೆ ನಮಗೆ ಕ್ಷಣ ಸಾಕು. ಮುಖದ ಹಿಂದಿನ ದುಡ್ಡನ್ನು ಓದಲು ಕಡತ ಬೇಕು, ಕೂಡು-ಕಳೆಯುವ ತಾಳ್ಮೆ ಬೇಕು.

ಆ ತಾಳ್ಮೆಯ ಒಳ್ಳೆಯ ಮಾದರಿ ಸಂಡೂರಿನ ಬೆಟ್ಟಗಳಲ್ಲೇ ಸಿಗುತ್ತದೆ. 250 ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಲ್ಲಿನ ಹೆಮಟೈಟ್ ಅದಿರಿಗೆ ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳಿಂದ ಇದ್ದಕ್ಕಿದ್ದಂತೆ ಬೇಡಿಕೆ ಬಂತು. ಲಾರಿಗಳ ಸಾಲು, ಕೆಂಪು ಧೂಳು, ಗಣಿಧಣಿಗಳು ಎಲ್ಲ ಆ ಕಾಲದ್ದು. ಎಷ್ಟು ಅದಿರು ಕದ್ದು ಹೋಯಿತೆಂದು ತಿಳಿಯುವುದು ಹೇಗೆ? ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಲೋಕಾಯುಕ್ತದ ತಂಡ ಹಿಡಿದದ್ದು ಶಾಲೆಯ ವಿಜ್ಞಾನದ ದಾರಿ: ವಸ್ತು ಮಾಯವಾಗುವುದಿಲ್ಲ. ಗಣಿಯಲ್ಲಿ ಕೊಟ್ಟ ಪರ್ಮಿಟ್ ಒಂದು ತುದಿ, ಬಂದರಿನಲ್ಲಿ ಹಡಗೇರಿದ ತೂಕ ಇನ್ನೊಂದು ತುದಿ. ಹಡಗಿನಲ್ಲಿದ್ದು ಪರ್ಮಿಟ್‌ನಲ್ಲಿ ಇಲ್ಲದ್ದು ಅಕ್ರಮ. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು.

ಅದೇ ವರದಿ ದುಡ್ಡಿನ ಜಾಡನ್ನೂ ಹಿಡಿಯಿತು. ಸೌತ್ ವೆಸ್ಟ್ ಮೈನಿಂಗ್ ಕಂಪನಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುಟುಂಬದ ಪ್ರೇರಣಾ ಟ್ರಸ್ಟ್‌ಗೆ ಕೊಟ್ಟ 10 ಕೋಟಿ ರೂಪಾಯಿ ದೇಣಿಗೆ ಅದರಲ್ಲಿ ಬಂತು. ಅವರು ರಾಜೀನಾಮೆ ಕೊಟ್ಟರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಈ ದೇಣಿಗೆಯ ಪ್ರಕರಣದ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ಎರಡು ತುದಿ ಸೇರಿದರೆ ಸಂಬಂಧ ಕಾಣುತ್ತದೆ. ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳಲು ಬೇರೆ ಪುರಾವೆ ಬೇಕಾಗುತ್ತದೆ. ವಿಜ್ಞಾನಿಗೂ ನ್ಯಾಯಾಧೀಶರಿಗೂ ಈ ಎಚ್ಚರ ಒಂದೇ.

ತುದಿಗಳನ್ನೇ ಬೇರೆ ಮಾಡಿಟ್ಟರೆ? ಪಕ್ಷಗಳಿಗೆ ದೇಣಿಗೆ ಕೊಡಲು 2018ರಲ್ಲಿ ಬಂದ ಚುನಾವಣಾ ಬಾಂಡ್‌ಗಳು ಅದನ್ನೇ ಮಾಡಿದವು. ಬಾಂಡ್ ಮೇಲೆ ಕೊಂಡವರ ಹೆಸರಿರಲಿಲ್ಲ. ಆದರೆ ಬರಿಗಣ್ಣಿಗೆ ಕಾಣದ ಒಂದು ಸಂಖ್ಯೆ ಇತ್ತು. ನೇರಳಾತೀತ ದೀಪ ಹಿಡಿದರೆ ಶಾಯಿಯ ಅಣುಗಳು ಆ ಬೆಳಕನ್ನು ಹೀರಿ, ಸ್ವಲ್ಪ ಶಕ್ತಿ ಕಳೆದುಕೊಂಡು, ಕಾಣುವ ಬೆಳಕಾಗಿ ಹೊರಸೂಸುತ್ತವೆ. ಖೋಟಾ ನೋಟು ಪತ್ತೆಗೆ ಬ್ಯಾಂಕಿನವರು ನೀಲಿ ದೀಪ ಹಿಡಿಯುವುದೂ ಇದೇ ಗುಣದಿಂದ. ಪತ್ರಕರ್ತೆ ಪೂನಂ ಅಗರ್ವಾಲ್ ಬಾಂಡ್ ಕೊಂಡು ಪರೀಕ್ಷೆಗೆ ಕೊಟ್ಟು ಆ ಸಂಖ್ಯೆಯನ್ನು 2018ರಲ್ಲೇ ಬಯಲು ಮಾಡಿದ್ದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದುಮಾಡಿತು. ಮಾರ್ಚ್‌ನಲ್ಲಿ ಮೊದಲು ಹೊರಬಂದದ್ದು ಕೊಂಡವರ ಒಂದು ಪಟ್ಟಿ, ಪಡೆದ ಪಕ್ಷಗಳ ಇನ್ನೊಂದು ಪಟ್ಟಿ. ಒಂದಕ್ಕೊಂದು ತಾಳೆ ಹಾಕುವ ಹಾಗಿರಲಿಲ್ಲ. ಕೋರ್ಟ್ ಮತ್ತೆ ಗದರಿದ ಮೇಲೆ ಸ್ಟೇಟ್ ಬ್ಯಾಂಕ್ ಸಂಖ್ಯೆಗಳನ್ನು ಕೊಟ್ಟಿತು. ಯಾರು ಯಾವ ಪಕ್ಷಕ್ಕೆ ಎಂಬುದು ಆಗ ತಿಳಿಯಿತು.

ನಮ್ಮೂರಿನ ಅಭ್ಯರ್ಥಿಯ ಮಟ್ಟದಲ್ಲೂ ಒಂದು ಕಡತ ಇದೆ, ನೋಡುವವರು ಕಡಿಮೆ. ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಹೊಸಪೇಟೆ, ಹಂಪಿ ಕಡೆಯವರದ್ದು ಹೊಸಪೇಟೆಯಲ್ಲೇ, ಸಂಡೂರು, ಕಂಪ್ಲಿಯವರದ್ದು ಬಳ್ಳಾರಿಯಲ್ಲಿ. ಸ್ವಂತ ದುಡ್ಡೆಷ್ಟು, ಪಕ್ಷ ಕೊಟ್ಟಿದ್ದೆಷ್ಟು, ಬೇರೆಯವರ ದೇಣಿಗೆ ಎಷ್ಟು ಎಂದು ಅದರಲ್ಲಿ ಬರೆಯಬೇಕು. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಪಕ್ಷ ತನ್ನ ಒಟ್ಟಾರೆ ಪ್ರಚಾರಕ್ಕೆ ಮಾಡುವ ಖರ್ಚಿಗೆ ಮಿತಿಯೇ ಇಲ್ಲ, ಹೆಲಿಕಾಪ್ಟರಿನಲ್ಲಿ ಬರುವ ತಾರಾ ಪ್ರಚಾರಕರ ಓಡಾಟವೂ ಈ 40 ಲಕ್ಷದೊಳಗೆ ಸೇರುವುದಿಲ್ಲ. ಹಾಗಾಗಿ ಇದು ಅರ್ಧ ಲೆಕ್ಕ. ಆ ಅರ್ಧವನ್ನು ಯಾರು ಬೇಕಾದರೂ ಕೇಳಿ ಪರಿಶೀಲಿಸಬಹುದು. ನಿಯಮದಲ್ಲಿರುವ ಶುಲ್ಕ ಒಂದು ರೂಪಾಯಿ.