ನಡುಮನೆಯ ಗುಟ್ಟು ಗ್ರಂಥವಾದ ಬಗೆ

ಸಕಲೇಶಪುರವನ್ನು ದಾಟಿ ಮಂಗಳೂರಿನ ಹೆದ್ದಾರಿಯನ್ನು ಹಿಡಿದವರಿಗೆ ಮೊದಲು ಆನೇಮಹಲೂ ಅನಂತರ ದೋಣಿಗಾಲೂ ಎದುರಾಗಿ, ಅಲ್ಲಿಂದ ತಲೆಯೆತ್ತಿದರೆ ಟಿಪ್ಪುವಿನ ಕಾಲದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯು ಮಂಜಿನ ಎಡೆಯಲ್ಲಿ ಗೋಚರಿಸುತ್ತದೆ. ಹಿಂದೆ ತಾಲ್ಲೂಕಿಗೂ ಆ ಕೋಟೆಯ ಹೆಸರೇ ಇದ್ದಿತು. ಈ ಸೀಮೆಯಲ್ಲಿ ಕಾಫಿ ತೋಟವನ್ನು ಮಾಡಿಕೊಂಡು ದೀರ್ಘಕಾಲ ಬಾಳಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ದೊರೆಯು 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಫಿಯ ಬೇಸಾಯ, ಹುಲಿಯ ಬೇಟೆ, ಚಿನ್ನದ ಗಣಿ, ಜಾತಿಪದ್ಧತಿ ಮೊದಲಾದ ಹಲವು ವಿಷಯಗಳ ವಿಸ್ತಾರವಾದ ವರ್ಣನೆಯಿದೆ. ನೆರಳುಮರದಿಂದ ಮೊದಲುಗೊಂಡು ಗೌಡರ ನಡೆನುಡಿಯವರೆಗೆ ಕಣ್ಣಿಗೆ ಬಿದ್ದುದನ್ನೆಲ್ಲ ಬರೆದಿಟ್ಟ ಆ ಶ್ರದ್ಧಾವಂತನಾದರೂ ಜಗಲಿಯಿಂದೀಚೆಗೆ ಕುಳಿತು ನೋಡಿದವನೇ ಹೊರತು, ನಡುಮನೆಯನ್ನು ದಾಟಿ ಒಲೆಯ ಬಳಿಗೆ ಹೋದವನಲ್ಲ. ಹೋಗುವುದು ಅವನಿಗೆ ಶಕ್ಯವೂ ಇರಲಿಲ್ಲ.

ಅದೇ 1894ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯಲೋಸುಗ ಒಂದು ಶಾಸನವನ್ನು ಹೊರಡಿಸಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಣ ಹುಡುಗಿಯನ್ನು ವರಿಸಕೂಡದು ಎಂಬುದು ಅದರ ತಿರುಳು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಆ ಕಾಲಕ್ಕೆ ಇದು ಧೈರ್ಯದ ಕಾರ್ಯವೇ ಆಗಿದ್ದಿತೆಂದು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ, ಗಂಡನೆಂಬವನ ಮುಖವು ಮನಸ್ಸಿನಲ್ಲಿ ನೆಲೆಗೊಳ್ಳುವ ಮೊದಲೇ ಅವನನ್ನು ಕಳೆದುಕೊಂಡು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟು ಮೂಲೆ ಸೇರಿದ ಹುಡುಗಿಯರಿಗೆ ಆ ಎಂಟು ವರ್ಷದ ಗೆರೆಯಿಂದ ಯಾವ ರಕ್ಷಣೆಯೂ ಒದಗಲಿಲ್ಲ. ಅವರ ಕಥೆಯು ದೊರೆಯ ಗ್ರಂಥದಲ್ಲಿಯೂ ಇಲ್ಲ, ಸರ್ಕಾರದ ದಫ್ತರದಲ್ಲಿಯೂ ಇಲ್ಲ. ಅದು ಉಳಿದುಬಂದದ್ದು ಹೆಂಗಸರ ಪಿಸುಮಾತಿನಲ್ಲಿ. ಆ ಪಿಸುಮಾತಿಗೆ ಕಿವಿಗೊಟ್ಟ ಮಕ್ಕಳಲ್ಲಿ. ಅಲ್ಲಿಂದ ಅದು ಅಚ್ಚಿನ ಅಕ್ಷರವಾಗಿ ಹೊರಬಂದ ದಾರಿಯನ್ನು ಅರಸುವುದು ಈ ಲೇಖನದ ಉದ್ದೇಶ.

ಆನೇಮಹಲಿನ ಆಸುಪಾಸಿನಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿರುವ ತೊಟ್ಟಿಮನೆಗಳನ್ನು ಕಂಡವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಜಗಲಿಯು ಗಂಡಸರದು, ಅಲ್ಲಿ ಪಟೇಲರು, ಶ್ಯಾನುಭೋಗರು, ಸಾಲ ವಸೂಲಿಗೆ ಬಂದವರು, ಹೆಣ್ಣು ನೋಡಲು ಬಂದವರು ಎಲ್ಲರೂ ಕೂರುತ್ತಿದ್ದರು, ಅಲ್ಲಿ ಆಡಿದ ಮಾತೆಲ್ಲ ಊರಿನ ಮಾತು. ನಡುಮನೆಯನ್ನು ದಾಟಿ, ತೊಟ್ಟಿಯನ್ನು ಬಳಸಿ, ಅಡುಗೆಮನೆಯ ಪಕ್ಕದ ಬಚ್ಚಲಿಗೆ ಬಂದರೆ ಅಲ್ಲಿಯದು ಬೇರೆಯೇ ಲೋಕ. ಆಷಾಢದ ಮಳೆಯು ಹಗಲಿರುಳೆನ್ನದೆ ಸುರಿದು, ಹೊರಗಿನವರು ಯಾರೂ ಬಾರದ, ಒಳಗಿನವರು ಯಾರೂ ಹೊರಡದ ದಿನಗಳಲ್ಲಿ, ಬಚ್ಚಲೊಲೆಗೆ ಒಟ್ಟಿದ ಹಸಿ ಕುಂಟೆಯು ಹೊಗೆಯಾಡುತ್ತ, ಅದರ ಮುಂದೆ ಒದ್ದೆ ಕಂಬಳಿಗಳು ಆರುತ್ತ, ಬೂದಿಯಲ್ಲಿ ಹೂತ ಹಲಸಿನ ಬೀಜವು ಸುಡುತ್ತ ಇರುವಾಗ ಅತ್ತೆ, ಸೊಸೆ, ನಾದಿನಿ, ತವರಿಗೆ ಮರಳಿದ ವಿಧವೆ, ಬಾಣಂತಿಯ ಆರೈಕೆಗೆಂದು ಬಂದ ಮುದುಕಿ ಇವರೆಲ್ಲ ಒಂದೆಡೆ ಸೇರುತ್ತಿದ್ದರು. ಮಳೆಯ ಸದ್ದಿನಲ್ಲಿ ಜಗಲಿಗೆ ಕೇಳಿಸದೆಂಬ ಭರವಸೆಯೂ ಇದ್ದಿತು. ಮಗುವೊಂದು ಸುಳಿದರೆ ಮಾತು ನಿಲ್ಲುತ್ತಿತ್ತು: "ಏಳೇ, ಅಜ್ಜ ಕರೀತಿದಾರೆ ನೋಡು ಹೋಗು." ಅಜ್ಜ ಕರೆದಿರುವುದಿಲ್ಲವೆಂಬುದು ಮಗುವಿಗೂ ಗೊತ್ತು, ಅದು ಬಾಗಿಲಿನ ಹಿಂದೆ ನಿಲ್ಲುತ್ತದೆ.

ಹೀಗೆ ಹೊರಗೆ ಕಳಿಸುವುದು ಒಂದು ದಿನ ನಿಂತುಹೋಗುತ್ತದೆ. ಹುಡುಗಿಯು ಒಳಗೆ ಬಂದರೂ ಮಾತು ಮುಂದುವರಿಯುತ್ತದೆ. ಯಾರೋ ಒಬ್ಬರು ಅವಳತ್ತ ನೋಡಿ, "ಕೂತ್ಕೊ ಕಣೇ, ಹೊರಗೆಲ್ಲೂ ಆಡಬೇಡ" ಎನ್ನುತ್ತಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಣ್ಣುಮಗಳು ದೊಡ್ಡವಳಾದಳೆಂಬುದಕ್ಕೆ ಆರತಿಯೆತ್ತಿದ ದಿನಕ್ಕಿಂತಲೂ ಈ ದಿನವೇ ನಿಜವಾದ ಗುರುತೆಂದು ನಾನು ನಂಬುತ್ತೇನೆ. ಯಾವ ಚಿಕ್ಕಮ್ಮ ಯಾಕೆ ಬಾವಿಗೆ ಬಿದ್ದಳು, ಯಾವ ಮಗುವಿನ ಮುಖದಲ್ಲಿ ಯಾರ ಛಾಯೆಯಿದೆ, ಕಾಶಿಗೆ ಹೋದಳೆಂದು ಹೇಳಲಾದ ಅತ್ತೆ ನಿಜವಾಗಿ ಹೋದುದೆಲ್ಲಿಗೆ ಎಂಬುದನ್ನು ಅರಿತ ಮೇಲೆ ಅವಳು ಮಗುವಾಗಿ ಉಳಿಯಲಾರಳು. ಅರಿವಿನ ಜೊತೆಗೇ ಮೌನದ ದೀಕ್ಷೆಯೂ ಆಗುತ್ತಿತ್ತು. ಮುಂದೆ ಗಂಡನ ಮನೆಗೆ ಅವಳು ತನ್ನ ತವರಿನ ಗುಟ್ಟನ್ನು ಹೊತ್ತು ಹೋಗಿ, ಅಲ್ಲಿಯ ಗುಟ್ಟನ್ನೂ ಅದರ ಮೇಲೆ ಹೇರಿಕೊಳ್ಳುತ್ತಿದ್ದಳು.

ಅಂತಹ ಕಿವಿಯುಳ್ಳ ಮಕ್ಕಳಲ್ಲಿ ಒಬ್ಬರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ. ಏಳು ವರ್ಷಗಳ ಶಾಲೆ, ಹನ್ನೆರಡನೆಯ ವಯಸ್ಸಿಗೆ ಮದುವೆ, ಅನಂತರ ದೀರ್ಘವಾದ ಗೃಹಕೃತ್ಯ. ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಹೊರಬಂದಾಗ ಅವರಿಗೆ ನಲವತ್ತೈದು ದಾಟಿದ್ದಿತು. ಬಾಲ್ಯದಲ್ಲಿ ಅವರು ತಮ್ಮ ಬಳಗದ ಒಬ್ಬ ವೃದ್ಧ ಬಾಲವಿಧವೆಯನ್ನು ಕಂಡಿದ್ದರು. ಆಕೆಯು ಇಂದಿರಾ ಅವರ ತಾಯಿಯೊಡನೆ ಹೇಳಿಕೊಂಡ ತನ್ನ ಬಾಳಿನ ಸಂಗತಿಗಳು ಮಗಳ ಕಿವಿಗೂ ಬಿದ್ದವು. ಆ ಮಾತುಗಳು ಅವರೊಳಗೆ ದಶಕಗಳ ಕಾಲ ಸುಮ್ಮನೆ ಇದ್ದು, 1976ರಲ್ಲಿ ‘ಫಣಿಯಮ್ಮ’ ಎಂಬ ಕಾದಂಬರಿಯಾಗಿ ಪ್ರಕಟವಾದವು. ಕೃತಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಮನ್ನಣೆಯೂ ದೊರೆಯಿತು. ಬಾಗಿಲಿನ ಹಿಂದೆ ನಿಂತು ಕೇಳಿದ ಹುಡುಗಿಯು ಅರುವತ್ತರ ಹೊಸ್ತಿಲಲ್ಲಿ ನಿಂತು, ಇದು ಒಂದು ಮನೆಯ ಮಾನದ ಪ್ರಶ್ನೆಯಲ್ಲ, ಒಂದು ನಾಡಿನ ಹೆಣ್ಣುಮಕ್ಕಳ ಲೆಕ್ಕ ಎಂದು ನಿಶ್ಚಯಿಸಿಕೊಂಡಂತೆ ನನಗೆ ಆ ಪುಸ್ತಕವು ತೋರುತ್ತದೆ. ಅಷ್ಟು ಕಾಲ ಕಾದುದೂ ವ್ಯರ್ಥವಾಗಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬರೆದಿದ್ದರೆ ಕೋಪವು ಕಥೆಯನ್ನು ನುಂಗಿಬಿಡುತ್ತಿತ್ತು.

ಆ ಗ್ರಂಥದ ವೈಶಿಷ್ಟ್ಯವು ಅದು ಗುಟ್ಟುಗಳನ್ನು ತೂಗುವ ರೀತಿಯಲ್ಲಿದೆ. ಎಳೆಯ ಹುಡುಗನಾಗಿದ್ದ ಗಂಡನು ಹಾವು ಕಚ್ಚಿ ಸತ್ತ ಮೇಲೆ, ತನ್ನದೆಂಬ ಯಾವ ಸುಖವೂ ಇಲ್ಲದೆ ದೊಡ್ಡ ಮನೆಯೊಂದರ ದುಡಿಮೆಯಲ್ಲಿ ಬೆಳೆದ ಫಣಿಯಮ್ಮನು, ಆ ಮನೆಯಲ್ಲಿ ನಡೆದುದನ್ನೆಲ್ಲ ಕಾಣುತ್ತ, ಕಂಡದ್ದನ್ನು ಆಡದೆ, ಆದರೆ ಒಳಗೊಳಗೇ ವಿಚಾರಮಾಡುತ್ತ ಬರುತ್ತಾಳೆ. ಅಸ್ಪೃಶ್ಯಳೆನಿಸಿದ ಹೆಣ್ಣೊಬ್ಬಳಿಗೆ ಹೆರಿಗೆ ಕಷ್ಟವಾಗಿ ಪ್ರಾಣಕ್ಕೆ ಸಂಚಕಾರ ಬಂದಾಗ, ಮಡಿಯ ಈ ಹೆಂಗಸು ತನ್ನ ಸಣ್ಣ ಕೈಯನ್ನು ಒಡ್ಡಿ ಮಗುವನ್ನು ಹೊರತೆಗೆಯುತ್ತಾಳೆ, ಬಳಿಕ ಸ್ನಾನಮಾಡಿ ಮನೆಗೆ ಬರುತ್ತಾಳೆ, ಮಾಡಿದ್ದನ್ನು ಸಾರಿಕೊಳ್ಳುವುದಿಲ್ಲ. ಇದೂ ಒಂದು ಗುಟ್ಟೇ. ಎರಡು ಜೀವಗಳನ್ನು ಉಳಿಸಿದ ಗುಟ್ಟು. ಇನ್ನೊಂದೆಡೆ, ದಾಕ್ಷಾಯಿಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆನೆಂದು ಹಟಹಿಡಿದು ನಿಂತಾಗ, ಜನ್ಮವೆಲ್ಲ ಆ ವಿಧಿಗೆ ತಲೆಯೊಡ್ಡಿದ ಫಣಿಯಮ್ಮನೇ ಅವಳ ಪಕ್ಷವನ್ನು ವಹಿಸುತ್ತಾಳೆ. ಮುಂದೆ ಅದೇ ದಾಕ್ಷಾಯಿಣಿಯು ಮೈದುನನಿಂದ ಬಸುರಾದಾಗಲೂ ಫಣಿಯಮ್ಮನ ಮನಸ್ಸಿನಲ್ಲಿ ಸಿಟ್ಟಿಗಿಂತ ಕರುಣೆಯೇ ಮುಂದಾಗುತ್ತದೆ.

ಜೀವವನ್ನು ಕಾಯಲೆಂದು ಇಟ್ಟ ಗುಟ್ಟು ಬೇರೆ, ಕುಲದ ಹೆಸರನ್ನು ಕಾಯಲೆಂದು ಜೀವವನ್ನು ಬಲಿಕೊಟ್ಟು ಮುಚ್ಚಿದ ಗುಟ್ಟು ಬೇರೆ. ನಮ್ಮ ಹಿರಿಯರ ಮನೆಗಳಲ್ಲಿ ಎರಡೂ ಒಂದೇ ಬಚ್ಚಲೊಲೆಯ ಮುಂದೆ, ಒಂದೇ ಬಾಯಿಂದ ಹೊರಟವು. ಎರಡನೆಯದರಲ್ಲಿ ತಪ್ಪು ಮಾಡಿದವನು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಪಂಚಾಯಿತಿ ನಡೆಸುತ್ತಿದ್ದನು. ಲಜ್ಜೆಯನ್ನು ಹೊತ್ತವಳು ಒಳಗಿದ್ದಳು, ಅಥವಾ ಇರಲಿಲ್ಲ. ಈ ಅನ್ಯಾಯವನ್ನು ನೆನೆದಾಗ ನನಗೆ ಇಂದಿಗೂ ಎದೆ ಉರಿಯುತ್ತದೆ. ಮಲೆನಾಡಿನ ಎಲ್ಲ ಜಾತಿಗಳಲ್ಲಿಯೂ ಸ್ಥಿತಿ ಹೀಗೆಯೇ ಇದ್ದಿತೆನ್ನಲಾಗದು. ಒಕ್ಕಲು ಮಕ್ಕಳೇ ಮೊದಲಾದ ಹಲವು ಸಮುದಾಯಗಳಲ್ಲಿ ವಿಧವೆಗೆ ಸೀರುಡಿಕೆಯ ದಾರಿಯಿದ್ದು, ಅವಳು ಇನ್ನೊಂದು ಸಂಸಾರವನ್ನು ಹೂಡಬಹುದಾಗಿತ್ತು. ಕುಲದಲ್ಲಿ ಮೇಲಾಗಬೇಕೆಂಬ ಹಂಬಲವುಳ್ಳವರು ಆ ದಾರಿಯನ್ನು ಮುಚ್ಚತೊಡಗಿದಂತೆ ಗುಟ್ಟುಗಳು ಅವರ ಮನೆಗಳಲ್ಲಿಯೂ ಬೆಳೆದವು.

ಫಣಿಯಮ್ಮನ ಕಥೆಗೆ ಮುಂಚೆ ಈ ವಸ್ತುವು ಕನ್ನಡಕ್ಕೆ ಬಂದೇ ಇರಲಿಲ್ಲವೆಂದಲ್ಲ. ನಮ್ಮ ಶಿರಾಡಿ ಘಾಟಿಯನ್ನು ಇಳಿದರೆ ಸಿಕ್ಕುವ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರು 1899ರಲ್ಲಿಯೇ ‘ಇಂದಿರಾಬಾಯಿ’ಯನ್ನು ಪ್ರಕಟಿಸಿ, ಎಳೆಯ ವಿಧವೆಯೊಬ್ಬಳು ಮನೆಯ ಕಪಟವನ್ನು ಕಂಡು, ಹೊರಬಿದ್ದು, ಓದಿ, ಮರುಮದುವೆಯಾಗುವ ಕಥೆಯನ್ನು ಹೇಳಿದರು. ಅದು ಸುಧಾರಕನ ಉತ್ಸಾಹದ ಗ್ರಂಥ. ಹುಡುಗಿಗೆ ಬಾಗಿಲನ್ನು ತೆರೆದುಕೊಡುವ ಅವಸರ ಅದರಲ್ಲಿದೆ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯಲ್ಲಿ ಅಂತಹ ಬಾಗಿಲೇ ಇಲ್ಲ. ವೇದ ಕಲಿಯಲೆಂದು ಅಗ್ರಹಾರಕ್ಕೆ ಬಂದ ನಾಣಿಯೆಂಬ ಪುಟ್ಟ ಹುಡುಗನನ್ನು ಅಕ್ಕನಂತೆ ಅಕ್ಕರೆಯಿಂದ ನೋಡಿಕೊಳ್ಳುವವಳು ಗುರುಗಳ ವಿಧವೆ ಮಗಳು ಯಮುನಾ. ಅವಳು ಬಸುರಾಗಿರುವಳೆಂಬ ಗುಟ್ಟು ಅವನ ಅರಿವಿನ ಅಳವಿಗೆ ಮೀರಿದ್ದಾದರೂ ಅದನ್ನು ಅವನು ಹೊರಬೇಕಾಗುತ್ತದೆ. ತಂದೆಯು ಬದುಕಿರುವ ಮಗಳ ಶ್ರಾದ್ಧವನ್ನು ಮಾಡಿ ಕೈತೊಳೆದುಕೊಳ್ಳುವುದನ್ನು ಕಂಡ ಮಗುವು ಮತ್ತೆ ಮಗುವಾಗುವುದು ಹೇಗೆ? ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರವಾಗಿ ನಿರ್ದೇಶಿಸಿದಾಗ ಅದಕ್ಕೆ ಸ್ವರ್ಣಕಮಲವು ದೊರೆಯಿತು. ಇಂದಿರಾ, ಅನಂತಮೂರ್ತಿ, ಕಾಸರವಳ್ಳಿ ಈ ಮೂವರೂ ತೀರ್ಥಹಳ್ಳಿಯ ನೆಲದವರೆಂಬುದು ಆಕಸ್ಮಿಕವಲ್ಲ. ಮನೆಗೂ ಮನೆಗೂ ನಡುವೆ ಗುಡ್ಡವೊಂದು ಅಡ್ಡವಿರುವ ಸೀಮೆಯಲ್ಲಿ, ವರ್ಷದ ನಾಲ್ಕು ತಿಂಗಳು ಮಳೆಯು ಮನೆಯನ್ನು ದ್ವೀಪವನ್ನಾಗಿ ಮಾಡುವಲ್ಲಿ, ಗುಟ್ಟು ಉಳಿಯುವುದಕ್ಕೂ ಅದನ್ನು ಕೇಳುವ ಕಿವಿ ಹರಿತವಾಗುವುದಕ್ಕೂ ಅವಕಾಶ ಹೆಚ್ಚು. ಇಂದಿರಾ ಅವರದೇ ‘ಗೆಜ್ಜೆಪೂಜೆ’ಯನ್ನು 1969ರಲ್ಲಿ ಪುಟ್ಟಣ್ಣ ಕಣಗಾಲರು ತೆರೆಗೆ ತಂದಾಗ, ತಂದೆಯ ಹೆಸರೇ ಗುಟ್ಟಾಗಿರುವ ಹುಡುಗಿಯ ಸಂಕಟವನ್ನು ಕಲ್ಪನಾ ಅವರ ಅಭಿನಯದಲ್ಲಿ ನಾಡೆಲ್ಲ ಕಂಡು ಕಣ್ಣೀರಿಟ್ಟಿತು.

ದೂರದ ಅಮೆರಿಕದಲ್ಲಿಯೂ ಸಣ್ಣ ಊರಿನ ಮನೆಗಳಿಗೆ ಇಂತಹ ಒಳಗುಟ್ಟುಗಳಿದ್ದವು. ಒಹಾಯೊ ಸಂಸ್ಥಾನದ ಕ್ಲೈಡ್ ಎಂಬ ಪುಟ್ಟ ಊರಿನಲ್ಲಿ ಬೆಳೆದ ಶೆರ್ವುಡ್ ಆಂಡರ್ಸನ್ 1919ರಲ್ಲಿ ಪ್ರಕಟಿಸಿದ ‘ವೈನ್ಸ್‌ಬರ್ಗ್, ಒಹಾಯೊ’ ಎಂಬ ಕಥಾಮಾಲೆಯಲ್ಲಿ ಜಾರ್ಜ್ ವಿಲ್ಲರ್ಡ್ ಎಂಬ ತರುಣ ವರದಿಗಾರನಿರುತ್ತಾನೆ. ಊರಿನ ಒಂಟಿ ಜೀವಗಳು ಒಬ್ಬರಾದ ಮೇಲೊಬ್ಬರು ತಮ್ಮ ಒಡಲ ಮಾತನ್ನು ಅವನ ಮುಂದೆ ತೋಡಿಕೊಳ್ಳುತ್ತಾರೆ. ಕಡೆಯಲ್ಲಿ ಅವನು ರೈಲು ಹತ್ತಿ ಊರನ್ನು ಬಿಟ್ಟು ಹೋಗುತ್ತಾನೆ. ಆ ದೇಶದ ತರುಣನಿಗೆ ಹಾಗೆ ಹೊರಟುಹೋಗುವುದು ಸಾಧ್ಯವಿದ್ದಿತು. ಕೇಳಿದ ಗುಟ್ಟೆಲ್ಲ ಹಿಂದಿನ ಊರಿನದಾಗಿ ದೂರವಾಗುತ್ತಿತ್ತು. ನಮ್ಮ ಹುಡುಗಿಗೆ ಆ ರೈಲು ಇರಲಿಲ್ಲ. ಅವಳು ಒಂದು ತೊಟ್ಟಿಮನೆಯಿಂದ ಇನ್ನೊಂದು ತೊಟ್ಟಿಮನೆಗೆ ಗಾಡಿಯಲ್ಲಿ ಹೋದಳು, ಗುಟ್ಟಿನೊಡನೆಯೇ ಮುದುಕಿಯಾದಳು. ನಮ್ಮ ಈ ಕಥನವು ತಡವಾಗಿ, ವಯಸ್ಸಾದ ಹೆಣ್ಣಿನ ಕೈಯಿಂದ, ತಾಳ್ಮೆಯ ದನಿಯಲ್ಲಿ ಬಂದುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ಪುಸ್ತಕವಾದ ಮೇಲೆ ಆ ಪಿಸುಮಾತು ವೇಗವಾಗಿಯೇ ಸಂಚರಿಸಿತು. 1983ರಲ್ಲಿ ಪ್ರೇಮಾ ಕಾರಂತರು ‘ಫಣಿಯಮ್ಮ’ನನ್ನು ಚಲನಚಿತ್ರವಾಗಿ ನಿರ್ದೇಶಿಸಿದರು, 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದವು ಬಂದಿತು. ತಾಯಿಗೆ ಹೇಳಿದ ಮುದುಕಿಯಿಂದ ಮೊದಲ್ಗೊಂಡು ಕೇಳಿದ ಮಗಳು, ತೆರೆಗೆ ತಂದವರು, ಭಾಷೆಯಿಂದ ಭಾಷೆಗೆ ಸಾಗಿಸಿದವರು, ಈ ಸರಣಿಯಲ್ಲಿ ಎಲ್ಲರೂ ಹೆಂಗಸರೇ. ಎಲಿಯಟ್ ದೊರೆಯ ಗ್ರಂಥವನ್ನು ಮುಗಿಸಿದ ಮೇಲೆ ಇವರು ಕಟ್ಟಿಕೊಟ್ಟ ಮಲೆನಾಡನ್ನು ಓದುವವರಿಗೆ, ಒಂದೇ ಮಳೆಯು ಸುರಿಯುವ ಎರಡು ಬೇರೆ ದೇಶಗಳಲ್ಲಿ ಸಂಚರಿಸಿದಂತೆ ಭಾಸವಾಗುತ್ತದೆ.

ಆದರೆ ಈ ಪರಂಪರೆಯು ಇನ್ನೂ ಹೆಚ್ಚಾಗಿ ಅಗ್ರಹಾರದ, ತೊಟ್ಟಿಮನೆಯ, ಅನ್ನವಸ್ತ್ರಕ್ಕೆ ಕೊರತೆಯಿಲ್ಲದವರ ಮನೆಯ ಸುತ್ತಲೇ ಸುಳಿಯುತ್ತಿದೆ. ಆನೇಮಹಲಿನಿಂದ ಯಾವ ದಿಕ್ಕಿಗೆ ನಡೆದರೂ ಕಾಫಿ ತೋಟದ ಅಂಚಿನಲ್ಲಿ ಲೈನುಮನೆಗಳ ಸಾಲು ಎದುರಾಗುತ್ತದೆ. ಒಂದೇ ಸೂರು, ನಡುವೆ ತೆಳುವಾದ ಗೋಡೆ. ಅಲ್ಲಿ ಹುಡುಗಿಯನ್ನು ಹೊರಗೆ ಕಳಿಸಿ ಮಾತಾಡಲು ನಡುಮನೆಯಿಲ್ಲ, ಹಿತ್ತಿಲಿಲ್ಲ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಆ ಸಂಸಾರಗಳಲ್ಲಿ ಮೇಸ್ತ್ರಿಯ, ಸಾಲದ, ಬಂಗಲೆಯ ಗುಟ್ಟುಗಳನ್ನು ಮಕ್ಕಳು ಮಾತು ಕಲಿಯುವ ಮೊದಲೇ ಕೇಳುತ್ತಾರೆ, ಅವಕ್ಕೆ ಅಂಜುತ್ತಲೇ ಬೆಳೆಯುತ್ತಾರೆ. ಅವರಲ್ಲಿ ಹಲವರು ಈಗ ಸಕಲೇಶಪುರದ ಶಾಲೆ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ, ಕನ್ನಡದಲ್ಲಿ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ. ಅವರ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ದಿನಕ್ಕಾಗಿ ನಾನು ನಿಜವಾಗಿಯೂ ಕಾದಿದ್ದೇನೆ; ಅದು ಇಂದಿರಾ ಅವರಿಗಾದಂತೆ ಅರುವತ್ತರ ವಯಸ್ಸಿನವರೆಗೆ ತಡೆಯಬೇಕಾಗಿಲ್ಲ.