ಗೃಹಶಿಕ್ಷಕಿಯ ಶ್ರಮಕ್ಕೆ ಅಳತೆಯೆಲ್ಲಿ?

ಮದ್ದೂರಿಗೂ ಮಂಡ್ಯಕ್ಕೂ ನಡುವೆ ಹೆದ್ದಾರಿಯ ಮೇಲಿರುವ ಗೆಜ್ಜಲಗೆರೆಯು ಮಂಡ್ಯ ಹಾಲು ಒಕ್ಕೂಟದ ಡೈರಿಯಿಂದ ಹೆಸರಾಂತ ಗ್ರಾಮ. ಹಳ್ಳಿಯ ಸಂಘಗಳಲ್ಲಿ ಅಳೆದು, ಜಿಡ್ಡಿನಂಶವನ್ನು ಪರೀಕ್ಷಿಸಿ, ಲೆಕ್ಕ ಬರೆದ ಹಾಲು ಇಲ್ಲಿಗೆ ಬಂದು ಸೇರುತ್ತದೆ. ಒಂದೇ ಲೀಟರು ಹಾಲು ಹಾಕಿದ ಬಡ ಹೆಂಗಸಿಗೂ ತನಗೆ ಸಲ್ಲತಕ್ಕುದೆಷ್ಟೆಂಬುದು ಗೊತ್ತು. ಆದರೆ ಆಕೆಯ ಓದಿದ ಮಗಳು ಬೆಂಗಳೂರಿನ ಸಿರಿವಂತರ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಅವರಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳೆನ್ನೋಣ. ಅವಳ ಶ್ರಮಕ್ಕೆ ಅಳತೆಯೂ ಇಲ್ಲ, ಲೆಕ್ಕದ ಪುಸ್ತಕವೂ ಇಲ್ಲ.

ಗೃಹಶಿಕ್ಷಕಿಯ ಕಷ್ಟಕ್ಕೆ ಮೂಲವು ಅವಳ ಸ್ಥಾನದ ಅನಿಶ್ಚಯವೇ. ಗುರುವೆನ್ನೋಣವೆಂದರೆ ಗುರುವಿನ ಗೌರವವಿಲ್ಲ. ಆಳೆನ್ನೋಣವೆಂದರೆ ಸಂಜೆ ಕೆಲಸ ಮುಗಿಸಿ ತನ್ನ ಮನೆಗೆ ಹೋಗುವ ಸ್ವಾತಂತ್ರ್ಯವಿಲ್ಲ. ಯಜಮಾನರ ಪಂಕ್ತಿಯಲ್ಲಿ ಅವಳಿಗೆ ಎಡೆಯಿಲ್ಲ. ಅಡಿಗೆಮನೆಯವರಿಗೂ ಅವಳು ಹೊರಗಿನವಳು. ಮಗುವಿಗೆ ಜ್ವರ ಬಂದರೆ ನಿದ್ದೆಗೆಡುವವಳು ಅವಳು. ಅದೇ ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಮಾತು ಕೇಳುವವಳೂ ಅವಳೇ. “ಮನೆಮಗಳಂತೆ ನೋಡಿಕೊಳ್ಳುತ್ತೇವೆ” ಎಂಬ ಸವಿಮಾತಿನ ಮರೆಯಲ್ಲಿ ರಜೆ, ವಿರಾಮ, ವೇತನದ ಏರಿಕೆಗಳೆಲ್ಲ ಅಡಗಿಹೋಗುತ್ತವೆ. ಮಕ್ಕಳು ದೊಡ್ಡವರಾದೊಡನೆ ಅವಳ ಉದ್ಯೋಗವೂ ತೀರುತ್ತದೆ, ಮುಪ್ಪಿಗೆ ಪಿಂಚಣಿಯೆಂಬುದಿಲ್ಲ.

ಇದು ನಮ್ಮ ನಾಡೊಂದರ ಕಥೆಯಲ್ಲ. ಇಂಗ್ಲೆಂಡಿನ ಧನಿಕರ ಮನೆಗಳಲ್ಲಿ ದುಡಿದು ನಿರ್ಗತಿಕರಾದ ಗೃಹಶಿಕ್ಷಕಿಯರ ನೆರವಿಗಾಗಿ 1843ರ ಹೊತ್ತಿಗೆ ಲಂಡನ್ನಿನಲ್ಲಿ ಒಂದು ಸಂಸ್ಥೆಯೇ ಏಳಬೇಕಾಯಿತು. ಅವರ ವಿದ್ಯಾಮಟ್ಟವನ್ನು ಏರಿಸುವ ಉದ್ದೇಶದಿಂದ 1848ರಲ್ಲಿ ಕ್ವೀನ್ಸ್ ಕಾಲೇಜು ಸ್ಥಾಪಿತವಾಯಿತು. ಬರಿಯ ಕನಿಕರದಿಂದ ಕಾರ್ಯವಾಗದು, ವ್ಯವಸ್ಥೆ ಬೇಕೆಂಬುದನ್ನು ಅಲ್ಲಿಯವರು ಅಂದೇ ಕಂಡುಕೊಂಡರು.

ನಮ್ಮಲ್ಲಿ ಕಾಯಿದೆಗಳಿಲ್ಲವೆಂದಲ್ಲ. 2004ರಲ್ಲಿ ಕರ್ನಾಟಕ ಸರ್ಕಾರವು ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಎಣಿಸಿತು. ಆದರೆ ಮನೆಗೆಲಸದವರ ಹಕ್ಕುಗಳನ್ನು ಕುರಿತ 2011ರ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯನ್ನು ಭಾರತವು ಇನ್ನೂ ಅನುಮೋದಿಸಿಲ್ಲ. ಕಾರ್ಖಾನೆಯ ಬಾಗಿಲನ್ನು ತಟ್ಟುವ ಅಧಿಕಾರಿಯು ಬಂಗಲೆಯ ಹೊಸ್ತಿಲಲ್ಲಿ ಹಿಂಜರಿಯುತ್ತಾನೆ.

ಆದುದರಿಂದ ಮೊದಲ ಹೆಜ್ಜೆಯನ್ನು ವಿದ್ಯಾವಂತ ಗೃಹಸ್ಥರೇ ಇಡಬೇಕು. ವೇತನವೆಷ್ಟು, ದಿನಕ್ಕೆ ಎಷ್ಟು ಗಂಟೆಯ ಕೆಲಸ, ವಾರದ ರಜೆ ಯಾವ ದಿನ, ಬಿಡಿಸುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬಿಷ್ಟನ್ನು ಕಾಗದದ ಮೇಲೆ ಬರೆದುಕೊಡುವುದು ಯಾರಿಗೂ ಭಾರವಲ್ಲ. ಇದೇ ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ 1938ರಲ್ಲಿ ನಿಷೇಧವನ್ನು ಲೆಕ್ಕಿಸದೆ ಜನರು ರಾಷ್ಟ್ರಧ್ವಜವನ್ನೇರಿಸಿದರು. ಅಂದು ಆಳುವವರಿಂದ ನ್ಯಾಯವನ್ನು ಕೇಳಿದ ನಾವು, ನಮ್ಮದೇ ಆಳ್ವಿಕೆಯಿರುವ ಮನೆಯೊಳಗೆ ಅದನ್ನು ಸಲ್ಲಿಸದಿದ್ದರೆ ಸ್ವರಾಜ್ಯವೆಂಬ ಮಾತಿಗೆ ಅರ್ಥವೇನು?